ಅವ್ವನ ಬರೋಣ

ಪುಣೆ ಕ್ಯಾಂಪ್
ನವೆಂಬರ್ ೧೨, ಬುಧವಾರ

ಸಪ್ನಾಳ ಅಪ್ಪನವರಿಗೆ ನೀರಜಾ ಮಾಡುವ ವಂದನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಹಾಗೆ ಬರೆಯಲಾರೆ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಅವ್ವ ಹೊರಟಿದ್ದಾಳೆ. ಹೃದಯ ಸೋತಿದೆ, ಕಾಲಿಗೆ ನೀರು ಇಳಿದಿದೆ, ದಿನಕ್ಕೆ ನಾಲ್ಕು ಚಮಚೆ ಗಂಜಿ ಒಳಗೆ ಹೋದರೆ ಹೆಚ್ಚು. ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮಾಡುವುದೇನೂ ಉಳಿದಿಲ್ಲ, ಮನೆಯಲ್ಲೇ ಇರಲಿ, ಅಲುಗಾಡಿಸಬೇಡಿ, ಹತ್ತಿರದವರಿದ್ದರೆ ಕರೆಸಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದರು. ಹತ್ತಿರದವರು ಎಂದರೆ ಅವಳಿಗೆ ಹೊಟ್ಟೆಯಲ್ಲಿ ಹುಟ್ಟಿದವರು ನೀವೊಬ್ಬರೇ. ನೀವು ಬಂದು ಅವಳ ಮುಂದೆ ಕೂರಬೇಕು. ಈ ಪತ್ರ ಬರೆಯುತ್ತಿರುವುದು ಇಷ್ಟಕ್ಕೇ. ಉಳಿದದ್ದನ್ನೆಲ್ಲ ನೀವು ವಾದ ಮಾಡುವ ಮನುಷ್ಯರೆಂದು ಬರೆಯುತ್ತಿದ್ದೇನೆ.

ಕಬ್ಬಿಣದ ಮಂಚವನ್ನು ಕೆಳಗಿನ ಮನೆಯ ಮಾಂತು ತಂದುಕೊಟ್ಟ. ಮಾರ್ಕೆಟ್ ಯಾರ್ಡಿನಿಂದ ತರಕಾರಿ ಹೊರುವ ತನ್ನ ಟೆಂಪೋದಲ್ಲೇ ಹೇರಿಕೊಂಡು ಬಂದ. ಬಾಡಿಗೆ ಎಷ್ಟು ಎಂದರೆ, ಅಜ್ಜಿ ಕೈಯಿಂದ ಎಷ್ಟು ಸಲ ರೊಟ್ಟಿ ತಿಂದೇನ್ರಿ ಕಾಕೂ, ಸುಮ್ಮನಿರ್ರಿ ಎಂದ. ಮಂಚವನ್ನು ನಡುಮನೆಯಲ್ಲಿ ಹಾಕಿದ್ದೇವೆ, ನಿಮ್ಮ ಪ್ರವಾದನೆಗಳ ನಕಾಶೆ ತೂಗುತ್ತಿದ್ದ ಗೋಡೆಯ ಕೆಳಗೆ. ನೀವು ಮನೆ ಬಿಟ್ಟು ತಳೆಗಾಂವ್ ಆಚೆ ಕರ್ತನಿಗಾಗಿ ಕಾದು ಕೂತವರ ಆ ಜಾಗರಣೆಯ ಮನೆಗೆ ಹೋಗುವಾಗ ನಕಾಶೆಯನ್ನು ಸುತ್ತಿಕೊಂಡು ಒಯ್ದಿರಿ. ಎಂಟು ತಿಂಗಳಿಂದ ಅಲ್ಲಿ ಬರಿ ಮೊಳೆ ಇದೆ. ಅದಕ್ಕೆ ಈಗ ಅವ್ವನ ಔಷಧಿಯ ಚೀಲ ತೂಗುಹಾಕಿದ್ದೇನೆ.

ನಿಮ್ಮ ಬುಧವಾರದ ಬೈಬಲ್ ಕ್ಲಾಸು ನಿಂತಿಲ್ಲ ಎಂಬುದನ್ನೂ ಹೇಳಬೇಕು. ನಾನೇ ನಡೆಸುತ್ತೇನೆ. ನಗಬೇಡಿ. ನಾಲ್ಕು ಜನ ಬರುತ್ತಾರೆ, ಅವರಲ್ಲಿ ಇಬ್ಬರು ಚಹಾಕ್ಕೆ ಬರುವವರು. ನಕಾಶೆ ಇಲ್ಲದೆ ಮೊದಮೊದಲು ಕೈ ಮುರಿದಂತಾಗಿತ್ತು. ಆಮೇಲೆ ನೋಡಿದರೆ ನೀವು ಕಲಿಸಿದ ಕ್ರಮ ಬಾಯಿಗೆ ತಾನಾಗಿ ಬರುತ್ತಿತ್ತು. ಮೂವತ್ತು ವರ್ಷ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದವಳು ನಾನು, ಬಂದೇ ಬರಬೇಕಲ್ಲ.

ಇನ್ನು ನೀವು ಕಳೆದ ತಿಂಗಳು ಮಾಡಿದ ಫೋನಿನ ಮಾತು. ಅಲ್ಲಿ ಎಲ್ಲರ ಫೋನೂ ಇಸಿದುಕೊಳ್ಳುತ್ತಾರಂತೆ, ಹಾಗಾಗಿ ಆಫೀಸಿನ ಫೋನಿನಿಂದ ಮಾತಾಡಿದಿರಿ. ಅವ್ವನ ಸುದ್ದಿ ತಿಳಿಯಿತು, ಹೊರಟೆ ಎನ್ನುತ್ತೀರೆಂದು ನಾನು ಒಂದು ಕ್ಷಣ ನಂಬಿದ್ದೆ. ನೀವು ಅಂದದ್ದು ಬೇರೆ: "ಅವ್ವ ಕಂಡಾಳ, ನೀರಜಾ. ಬರೋಣ, ಬರೋಣ ಅಂತ ಸಾಕ್ಷಿ ಕೊಡಾಕತ್ತಾಳ. ಇನ್ನ ನಾ ಇಲ್ಲಿಂದ ಹೆಂಗ ಏಳ್ಲಿ?" ಉತ್ತರ ಹೇಳುವಷ್ಟರಲ್ಲಿ ಫೋನು ಹಿಂದಕ್ಕೆ ಹೋಯಿತು. ಆ ಉತ್ತರವನ್ನು ಅಂದಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದೇನೆ.

ಬರೋಣ ಎಂಬ ಮಾತಿಗೆ ನಮ್ಮಲ್ಲಿ ಎಷ್ಟು ಭಾರ ಎಂದು ನನಗೂ ಗೊತ್ತು. ಕರ್ತನು ಮತ್ತೆ ಬರುವುದನ್ನು ನಮ್ಮ ಸಭೆಯ ಕನ್ನಡದಲ್ಲಿ ಎರಡನೆಯ ಬರೋಣ ಎನ್ನುತ್ತೇವೆ. ಹಳೆಯ ಕನ್ನಡ, ಬರುವಿಕೆ ಎಂದು ಅರ್ಥ. ಸಪ್ನಾ ಏಳು ವರ್ಷದವಳಿದ್ದಾಗ ನಿಮ್ಮ ಕ್ಲಾಸಿನ ನಡುವೆ ಎದ್ದು ನಿಂತು, ಅಪ್ಪಾ, ಎಲ್ಲಿಗೆ ಹೋಗಿ ಬರೋಣ ಎಂದು ಕೇಳಿದ್ದು ನೆನಪಿದೆಯೆ? ಬೀದಿಯಲ್ಲಿ ಮರಾಠಿ, ಕಾನ್ವೆಂಟಿನಲ್ಲಿ ಇಂಗ್ಲಿಷು, ಮನೆಯಲ್ಲಿ ನಾವು ಆಡುವಷ್ಟೇ ಕನ್ನಡ. ಅವಳ ಪಾಲಿಗೆ ಬರೋಣ ಎಂದರೆ ಹೋಗಿ ಬರೋಣ, ತಂದುಕೊಂಡು ಬರೋಣ, ಅಷ್ಟೇ. ಎಲ್ಲರೂ ನಕ್ಕರು. ಅವ್ವ ಒಬ್ಬಳು ನಗಲಿಲ್ಲ. ಕೂಸು ಖರೇನ ಕೇಳ್ತದ ಎಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಈಗ ಅವ್ವನ ಸಾಕ್ಷಿ ನಿಮ್ಮವರೆಗೆ ಹೇಗೆ ಬಂತೆಂದು ಹೇಳುತ್ತೇನೆ. ಭಾನುವಾರಗಳಂದು ನಿಮ್ಮಲ್ಲಿಗೆ ಬರುವ ನಿಖಿತಾ ಗೊತ್ತಲ್ಲ, ಹಿಂಜೇವಾಡಿಯ ಕಂಪನಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ. ಒಳ್ಳೆಯವಳು. ಅವ್ವನನ್ನು ನೋಡಲು ಹಣ್ಣು ತೆಗೆದುಕೊಂಡು ಬಂದಳು. ನಾನು ಗಂಜಿ ಬಿಸಿ ಮಾಡಲು ಒಳಗೆ ಹೋದಾಗ ಮಂಚದ ಹತ್ತಿರ ಅವಳೊಬ್ಬಳೇ ಇದ್ದಳು. ಅವ್ವ ಕಣ್ಣು ಮುಚ್ಚಿಕೊಂಡೇ ಮೂರು ನಾಲ್ಕು ಸಲ ಆ ಮಾತು ಹೇಳಿದಳಂತೆ. ಹುಡುಗಿಗೆ ಮೈ ಜುಮ್ಮೆಂದಿದೆ. ತೊಂಬತ್ತರ ಹತ್ತಿರದ ಮುದುಕಿ, ಸಾಯುವ ಹೊತ್ತು, ಬಾಯಲ್ಲಿ ಬರೋಣ. ಮನೆ ತಲುಪುವ ಮೊದಲೇ ನಿಮ್ಮವರ ಗ್ರೂಪಿಗೆ ಬರೆದು ಹಾಕಿದ್ದಾಳೆ. ನಿಮ್ಮ ಹಿರಿಯರಾದ ಬ್ರದರ್ ದತ್ತು ಅದನ್ನು ಸಭೆಯಲ್ಲಿ ಓದಿದರು. ವರ್ಷ ಮುಗಿಯುವುದರೊಳಗೆ ಕರ್ತನ ಬರೋಣವಾಗುತ್ತದೆ ಎಂಬ ತಮ್ಮ ಲೆಕ್ಕಕ್ಕೆ ಅದನ್ನು ಇನ್ನೊಂದು ಗುರುತು ಎಂದರು. ನೀವು ನಂಬಿದಿರಿ.

ನಿಖಿತಾ ನಂಬಿದ್ದಕ್ಕೆ ನನಗೆ ಬೇಸರವಿಲ್ಲ. ಅವಳು ನಿಮ್ಮ ಕ್ಲಾಸಿಗೆ ಬಂದವಳಲ್ಲ. ನೀವು ನಂಬಿದ್ದಕ್ಕೆ ಮಾತ್ರ ನನಗೆ ಸಿಟ್ಟು ಬಂತು. ಬಹಳ ಸಿಟ್ಟು ಬಂತು.

ಭೋಸರಿಯ ಕಾರ್ಖಾನೆಯಲ್ಲಿ ನೀವು ಗೇರುಗಳನ್ನು ಡ್ರಾಯಿಂಗಿಗೆ ಹೊಂದಿಸಿ ಅಳೆದು ಪಾಸು ಮಾಡುತ್ತಿದ್ದಿರಿ. ಪ್ರವಾದನೆಯನ್ನೂ ಡ್ರಾಯಿಂಗಿನ ಹಾಗೇ ಓದಬೇಕು ಎಂದು ಕಲಿಸಿದವರು ನೀವು. ಮೊದಲ ಸೂತ್ರ, ನೇರ ಅರ್ಥ ಕೂಡುತ್ತಿದ್ದರೆ ಬೇರೆ ಅರ್ಥ ಹುಡುಕಬೇಡ. ಊರು ಎಂದರೆ ಊರು, ಕತ್ತೆ ಎಂದರೆ ಕತ್ತೆ. ನೇರ ಅರ್ಥ ಕೂಡದಿದ್ದರೆ ಅದು ಸಂಕೇತ, ಆಗ ಅದರ ಅರ್ಥ ಅದೇ ಹಾಳೆಯ ಮೂಲೆಯಲ್ಲಿ ಬರೆದಿರುತ್ತದೆ, ಅಲ್ಲಿ ನೋಡು. ಪ್ರಕಟನೆ ಪುಸ್ತಕದ ಏಳು ದೀಪಸ್ತಂಭಗಳೆಂದರೆ ಏಳು ಸಭೆಗಳು ಎಂದು ಅದೇ ಅಧ್ಯಾಯದ ಕೊನೆಗೆ ಇದೆ. ದಾನಿಯೇಲ ಕನಸಿನಲ್ಲಿ ಕಂಡ ಮೃಗಗಳು ಯಾರೆಂದು ದೇವದೂತನೇ ಅವನಿಗೆ ಹೇಳುತ್ತಾನೆ. ಬೆಳಗಿನ ಪೇಪರು ತೆರೆದು ಮೃಗ ಹುಡುಕುವವನಿಗೆ ನೀವು ಎರಡನೆಯ ಕಪ್ ಚಹಾ ಕೊಡಿಸುತ್ತಿರಲಿಲ್ಲ.

ಒಂದು ಭಾನುವಾರ ನಮ್ಮನ್ನೆಲ್ಲ ಪರ್ವತಿ ಗುಡ್ಡಕ್ಕೆ ಹತ್ತಿಸಿದ್ದಿರಿ. ಸಿಂಹಗಡವನ್ನೂ ಅದರ ಹಿಂದಿನ ಗುಡ್ಡವನ್ನೂ ತೋರಿಸಿ, ಇಲ್ಲಿಂದ ಎರಡೂ ಒಂದಕ್ಕೊಂದು ಅಂಟಿದ ಹಾಗೆ ಕಾಣುತ್ತವೆ, ಆದರೆ ನಡುವೆ ಕಣಿವೆ ಇದೆ, ಕಣಿವೆಯಲ್ಲಿ ಊರುಗಳಿವೆ ಎಂದಿರಿ. ಪ್ರವಾದಿಗಳೂ ಹೀಗೇ ದೂರದಿಂದ ನೋಡಿದರು, ಕರ್ತನ ಮೊದಲನೆಯ ಬರೋಣ, ಎರಡನೆಯ ಬರೋಣ ಎರಡೂ ಅವರಿಗೆ ಒಂದೇ ಗುಡ್ಡವಾಗಿ ಕಂಡವು, ನಡುವಿನ ಅಗಲ ಅವರಿಗೂ ಗೊತ್ತಾಗಲಿಲ್ಲ ಎಂದಿರಿ. ಅವ್ವ ಮೆಟ್ಟಿಲು ಹತ್ತಿ ಸುಸ್ತಾಗಿ, ನಾವು ಕಣಿವ್ಯಾಗ ಇರೂ ಮಂದಿ, ಇಲ್ಲಿಗ್ಯಾಕ ಹತ್ತಿಸಿದ್ಯೋ ಎಂದಿದ್ದಳು.

ಮತ್ತೆ ಆ ಕೊನೆಯ ಸೂತ್ರ. ಅದನ್ನು ನೀವು ನಿಮ್ಮ ಕಾರ್ಖಾನೆಯ ಮಾತಿನಲ್ಲೇ ಹೇಳುತ್ತಿದ್ದಿರಿ: "ಅಳತಿ ಬರೆದಿದ್ರ ಓದು. ಬರೀದಿದ್ರ ಡ್ರಾಯಿಂಗ್ ಮ್ಯಾಲೆ ಸ್ಕೇಲ್ ಹಚ್ಚಬ್ಯಾಡ. ಬರೆದವನ್ನ ಕೇಳು." ಹೊಸ ಹುಡುಗರು ಕಾಗದದ ಮೇಲೆ ಸ್ಕೇಲಿಟ್ಟು ಅಳತೆ ತೆಗೆದು ಎಷ್ಟು ಕಬ್ಬಿಣ ಹಾಳು ಮಾಡುತ್ತಾರೆಂದು ಕತೆ ಹೇಳುತ್ತಿದ್ದಿರಿ. ಆ ದಿನವೂ ಆ ಗಳಿಗೆಯೂ ಯಾರಿಗೂ ತಿಳಿಯದು ಎಂದು ವಚನದಲ್ಲೇ ಇದ್ದ ಮೇಲೆ ಅಲ್ಲಿ ಸ್ಕೇಲು ಹಚ್ಚುವ ಅಧಿಕಾರ ಯಾರಿಗಿದೆ ಎಂದು ಕೇಳುತ್ತಿದ್ದಿರಿ. ಬ್ರದರ್ ದತ್ತು ಈಗ ಮಾಡುತ್ತಿರುವುದು ಅದನ್ನೇ. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ನಿಮಗೆ ಊಟ ಹಾಕುತ್ತಿದ್ದಾರೆ.

ನೀವು ಅವರಲ್ಲಿಗೆ ಹೋದದ್ದೇ ಅವರೊಂದಿಗೆ ವಾದಿಸಲು. ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಕಾಶೆ ಬಗಲಲ್ಲಿಟ್ಟುಕೊಂಡು, ಸಂಜೆಯೊಳಗೆ ಬರುತ್ತೇನೆ ಎಂದು ಹೋದಿರಿ. ಯಾಕೆ ಅಲ್ಲೇ ಉಳಿದಿರಿ ಎಂದು ತುಂಬ ದಿನ ಯೋಚಿಸಿದೆ. ಈಗ ಸ್ವಲ್ಪ ತಿಳಿಯುತ್ತದೆ ಎಂದುಕೊಳ್ಳುತ್ತೇನೆ. ಮೂವತ್ತು ವರ್ಷ ಪ್ರತಿ ಬುಧವಾರ ಯಾರಾದರೊಬ್ಬರು ಯಾವಾಗ ಎಂದು ಕೇಳುತ್ತಿದ್ದರು, ನೀವು ಗೊತ್ತಿಲ್ಲ ಎನ್ನುತ್ತಿದ್ದಿರಿ. ಕೇಳಿದವರು ಮುಂದಿನ ವಾರ ಬರುತ್ತಿರಲಿಲ್ಲ. ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ರಿಟೈರಾದ ಮೇಲಂತೂ ನಿಮಗೆ ಉಳಿದದ್ದು ಅದೊಂದೇ ಕೆಲಸ. ಅಲ್ಲಿ ದತ್ತು ಅವರ ಮುಂದೆ ಇನ್ನೂರು ಜನ ಕೂತಿದ್ದರು, ಅವರೆಲ್ಲರಿಗೂ ಯಾವಾಗ ಎಂಬುದು ಗೊತ್ತಿತ್ತು. ಗೊತ್ತಿಲ್ಲ ಎನ್ನುತ್ತ ಒಬ್ಬರೇ ನಿಲ್ಲುವುದು ನಿಮಗೆ ಸಾಕಾಗಿತ್ತು. ಅದನ್ನು ನಾನು ಆಗಲೇ ನೋಡಬೇಕಿತ್ತು, ಆದರೆ ನೀವು ನನಗೆ ಹೇಳಲಿಲ್ಲವಲ್ಲ ರೀ.

ಇರಲಿ. ಕಳೆದ ಭಾನುವಾರ ನಿಖಿತಾ ಮತ್ತೆ ಬಂದಿದ್ದಳು. ಈ ಸಲ ಮೂವರೂ ಅವ್ವನ ಹತ್ತಿರವೇ ಇದ್ದೆವು, ನಾನು, ಸಪ್ನಾ, ಅವಳು. ಸಂಜೆ ಬೆಳಕು ಇಳಿಯುವ ಹೊತ್ತು. ಅವ್ವ ಕಣ್ಣು ತೆರೆದಳು, ಬಾಗಿಲ ಕಡೆ ನೋಡಿದಳು, ನನ್ನ ಸೆರಗು ಹಿಡಿದು ಎಳೆದಳು. ಆಮೇಲೆ ನಿಮ್ಮ ಸಣ್ಣಂದಿನ ಹೆಸರು ಹಿಡಿದು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ: "ನೀರಜಾ, ಹೊತ್ತಾತು. ಮೋನ್ಯಾ ಇನ್ನೂ ಬಂದಿಲ್ಲ. ಏಳ, ನಡಿ, ಕರಕೊಂಡ ಬರೂಣ."

ಬರೂಣ. ನಿಮ್ಮ ಊರು ಬೆಟಗೇರಿಯ ಬರೂಣ, ಸಪ್ನಾ ಅಂದು ಕೇಳಿದ ಹೋಗಿ ಬರೋಣ. ಹಲ್ಲಿಲ್ಲದ ಬಾಯಿ, ಉಸಿರಿಲ್ಲದ ದನಿ, ಎಷ್ಟೋ ಸಲ ಮೊದಲಿನ ಮಾತೆಲ್ಲ ಗಂಟಲಲ್ಲೇ ಉಳಿದು ಕೊನೆಯದೊಂದೇ ಹೊರಗೆ ಬರುತ್ತದೆ. ಮೊದಲ ಸಲ ಬಂದಾಗ ಬೆಂಗಳೂರಿನ ಹುಡುಗಿಯ ಕಿವಿಗೆ ಅದು ಬರೋಣ ಎಂದೇ ಬಿದ್ದಿದೆ. ಅವಳು ನನ್ನ ಮುಖ ನೋಡಿ, ಅಜ್ಜಿ ಏನಂದ್ರು ಆಂಟಿ ಎಂದು ಕೇಳಿದಳು. ಬಿಡಿಸಿ ಹೇಳಿದೆ. ಫೋನು ತೆಗೆದು ತಾನು ಬರೆದು ಹಾಕಿದ್ದನ್ನು ಮತ್ತೆ ಓದಿದಳು. ಆಮೇಲೆ, "ನಾನು ಗ್ರೂಪಲ್ಲಿ ಹಾಕ್ಬಿಟ್ನಲ್ಲ ಆಂಟಿ, ಅಂಕಲ್ ಅದಕ್ಕೇ ಬರ್ತಿಲ್ವಾ?" ಎಂದು ಅತ್ತಳು. ಅಂದೇ ಅವಳು ದತ್ತು ಅವರಿಗೆ ತಪ್ಪಾಯಿತೆಂದು ಹೇಳಿದ್ದಾಳೆ. ಹೇಳಿದವಳಿಗೇ ತಿಳಿಯದ ಅರ್ಥ ಪ್ರವಾದನೆಗೆ ಇರಬಹುದು ಎಂದರಂತೆ ಅವರು. ನಿಮಗೆ ತಿಳಿಸಿರಲಾರರು.

ಇನ್ನು ನಿಮ್ಮ ಸೂತ್ರಗಳನ್ನೇ ಹಿಡಿದು ನೋಡಿ. ಯಾರು ಹೇಳಿದರು, ಯಾರಿಗೆ ಹೇಳಿದರು, ಹಿಂದಿನ ಮಾತೇನು, ಮುಂದಿನ ಮಾತೇನು ಎಂದು ಕೇಳದೆ ಒಂದು ವಚನವನ್ನೂ ಮುಟ್ಟಬಾರದು ಎಂದವರು ನೀವು. ಹೇಳಿದವಳು ಯಮನವ್ವ, ಸಭೆಯಲ್ಲಿ ಕೊಟ್ಟ ಹೆಸರಿನಿಂದ ಯಾರೂ ಕರೆಯದೆ ಯಮನವ್ವಳಾಗಿಯೇ ಉಳಿದವಳು. ಹೇಳಿದ್ದು ಜಗತ್ತಿಗಲ್ಲ, ಸೊಸೆಗೆ. ಹಿಂದಿನ ಮಾತು, ಮೋನ್ಯಾ ಇನ್ನೂ ಬಂದಿಲ್ಲ. ಹಾಳೆಯ ಮೂಲೆಯಲ್ಲಿ ಅರ್ಥವೂ ಬರೆದಿದೆ. ನೀವು ಏಳು ವರ್ಷದವರಿದ್ದಾಗ ರೈಲು ನೋಡಲು ಗದಗ ಸ್ಟೇಷನ್ನಿಗೆ ಹೋಗಿ ದಾರಿ ತಪ್ಪಿದಿರಿ. ಅವ್ವ ಪಕ್ಕದ ಮನೆಯವಳನ್ನು ಇದೇ ಮಾತು ಹೇಳಿ ಎಬ್ಬಿಸಿಕೊಂಡು ಹುಡುಕುತ್ತ ಬಂದಳು ಎಂದು ನೀವೇ ನನಗೆ ಹೇಳಿದ್ದು. ನಮ್ಮ ಮದುವೆಯಾದ ವರ್ಷ ಬಸ್ಸಿನವರ ಮುಷ್ಕರವಾದ ದಿನ ನನ್ನನ್ನೂ ಹೀಗೇ ಎಬ್ಬಿಸಿದ್ದಳು. ಖಡಕಿಯ ರಸ್ತೆಯಲ್ಲಿ ಅತ್ತೆ ಸೊಸೆ ಇಬ್ಬರೂ ನಿಂತು ಭೋಸರಿಯಿಂದ ನಡೆದು ಬರುವವರ ಮುಖಗಳನ್ನೆಲ್ಲ ನೋಡಿದೆವು. ನೀವು ನಾಚಿಕೊಂಡು, ನಾನೇನು ಸಣ್ಣ ಹುಡುಗನೇ ಎಂದು ರೇಗಿದಿರಿ. ಅವ್ವ ನಿಮ್ಮ ಊಟದ ಡಬ್ಬಿ ಇಸಿದುಕೊಂಡು ಸುಮ್ಮನೆ ಮುಂದೆ ನಡೆದಳು. ಈಗ ಅವಳು ಆ ರಸ್ತೆಯಲ್ಲೇ ನಿಂತಿದ್ದಾಳೆ. ನೇರ ಅರ್ಥ ಇಷ್ಟು ಚೆನ್ನಾಗಿ ಕೂಡುವಾಗ ಬೇರೆ ಅರ್ಥ ಯಾಕೆ?

ಕರ್ತನು ಬರುತ್ತಾನೆಂದು ನಾನೂ ನಂಬುತ್ತೇನೆ. ನಿಮಗಿಂತ ಒಂದು ಗುಂಜಿಯಷ್ಟೂ ಕಡಿಮೆಯಿಲ್ಲ. ನಾಳೆಯೇ ಬಂದರೆ ನಾನು ಒಲೆಯ ಮುಂದಿನಿಂದಲೇ ಎದ್ದು ಹೋಗುತ್ತೇನೆ. ಆದರೆ ನಿಮ್ಮ ಗೇಟಿನ ಮೇಲೆ ಎಚ್ಚರವಾಗಿರಿ ಎಂಬ ವಚನ ಬರೆಸಿದ್ದಾರಂತೆ, ನಿಖಿತಾ ಹೇಳಿದಳು. ಅದೇ ಅಧ್ಯಾಯದಲ್ಲಿ ಇನ್ನೂ ಸ್ವಲ್ಪ ಕೆಳಗೆ ಇಳಿದು ಓದಿ ನೋಡಿ. ಎಚ್ಚರವಾಗಿರುವ ಆಳು ಯಾರು? ಯಜಮಾನ ಬಂದಾಗ, ಮನೆಯವರಿಗೆ ಹೊತ್ತು ಹೊತ್ತಿಗೆ ಆಹಾರ ಕೊಡುತ್ತಿರುವವನು. ಆಕಾಶ ನೋಡುತ್ತ ನಿಂತವನೆಂದು ಅಲ್ಲಿ ಬರೆದಿಲ್ಲ. ಅವ್ವ ನನ್ನ ಕೈಯಿಂದ ನಾಲ್ಕು ಚಮಚೆ ತಿನ್ನುತ್ತಾಳೆ. ಐದನೆಯದಕ್ಕೆ ಬಾಯಿ ಮುಚ್ಚಿ ಬಾಗಿಲು ನೋಡುತ್ತಾಳೆ. ಆ ಐದನೆಯದು ನಿಮ್ಮದು.

ನಾನು ಏನನ್ನೂ ಮರೆಮಾಚುತ್ತಿಲ್ಲ, ಒಂದನ್ನು ಬಿಟ್ಟು. ಅದನ್ನು ಈಗಲೇ ಬರೆಯಲಾರೆ, ನಾಳೆ ಏನಾಗುವುದೋ ನೋಡಬೇಕು. ನನ್ನ ಬಗ್ಗೆ ಕೇಳುವುದಾದರೆ, ಮಂಡಿನೋವು ಹಾಗೇ ಇದೆ. ನಿಮ್ಮ ಬಟ್ಟೆಗಳನ್ನು ಬಿಸಿಲಿಗೆ ಹಾಕಿ ಮತ್ತೆ ಮಡಿಸಿಟ್ಟಿದ್ದೇನೆ. ನೀವಿಲ್ಲದ ಮನೆ ನನಗೆ ಒಗ್ಗಿಲ್ಲ, ಒಗ್ಗುವುದೂ ಇಲ್ಲ. ಇಷ್ಟು ವರ್ಷದಲ್ಲಿ ಇಂಥ ಮಾತನ್ನು ನಿಮ್ಮ ಮುಖ ನೋಡಿ ಹೇಳಿದವಳಲ್ಲ, ಕಾಗದವಾದ್ದರಿಂದ ಬರೆದೆ.

ಬಂದರೆ ಯಾರೂ ನಿಮ್ಮನ್ನು ಏನೂ ಕೇಳುವುದಿಲ್ಲ. ಎಂಟು ತಿಂಗಳ ಮಾತು ಎತ್ತುವುದಿಲ್ಲವೆಂದು ಸಪ್ನಾಳಿಂದಲೂ ಮಾತು ತೆಗೆದುಕೊಂಡಿದ್ದೇನೆ. ಯಾವಾಗ ಎಂದು ಮತ್ತೆ ಯಾರಾದರೂ ಕೇಳಿದರೆ ಇಬ್ಬರೂ ಸೇರಿ ಗೊತ್ತಿಲ್ಲ ಎನ್ನೋಣ.

ನಿಮ್ಮ ದಾರಿ ನೋಡುವ
ನೀರಜಾ

ತಾ. ಕ.: ಗುರುವಾರ, ಬೆಳಿಗ್ಗೆ. ನಿನ್ನೆ ಬರೆಯದೆ ಬಿಟ್ಟದ್ದು ಇದು. ಈ ಕಾಗದವನ್ನು ಅಂಚೆಗೆ ಹಾಕುವ ಯೋಚನೆ ನನಗೆ ಇರಲೇ ಇಲ್ಲ. ಅವ್ವ ಹೊರಟಿದ್ದಾಳೆ ಎಂದು ಮೊದಲಿಗೇ ಬರೆದೆನಲ್ಲ, ಅದನ್ನು ನಿಮ್ಮ ಮೊದಲ ಸೂತ್ರದಂತೆ ನೇರ ಅರ್ಥದಲ್ಲಿ ಓದಿಕೊಳ್ಳಿ. ಡಾಕ್ಟರಿಗೆ ಹೇಳಿದೆ. ಅವರು ನಿಧಾನ ಹೋಗಿ ಎಂದರು. ಮಾಂತು ಟೆಂಪೋ ತೊಳೆದು ಎರಡು ಗಾದಿ ಹಾಸಿ, ದಾರಿಯುದ್ದಕ್ಕೂ ಒಂದು ಕುಣಿಯಲ್ಲೂ ಕುಲುಕದಂತೆ ತಂದ. ನಿಮ್ಮ ಗೇಟಿನ ಆಚೆ, ಬೇವಿನ ಮರದ ಕೆಳಗೆ ನಿಂತಿದ್ದೇವೆ. ಭಾನುವಾರ ಬಿಟ್ಟರೆ ಒಳಗೆ ಹೆಂಗಸರನ್ನು ಬಿಡುವುದಿಲ್ಲವಂತೆ, ಕಾಗದ ಮಾತ್ರ ಒಯ್ಯುತ್ತಾರಂತೆ. ಸಪ್ನಾ ಗೇಟಿನ ಹತ್ತಿರ ಕೈ ಚಾಚಿಕೊಂಡು ಕಾಯುತ್ತಿದ್ದಾಳೆ, ನಾನು ಅವ್ವನ ಕಾಲ ಬಳಿ ಕೂತು ಇಷ್ಟು ಬರೆದು ಮುಗಿಸುತ್ತಿದ್ದೇನೆ. ಅವ್ವ ಎಚ್ಚರವಾಗಿದ್ದಾಳೆ. ಬಂದೆವೇನು ಎಂದು ಎರಡು ಸಲ ಕೇಳಿದಳು. ಬಂದೆವು ಎಂದೆ. ಗಂಜಿ ಇನ್ನೂ ಬಿಸಿ ಇದೆ, ಬರ್ರಿ.